ಫ್ಯಾನ್ ಇಲ್ಲದ ವಿಮಾನ ಎಲ್ಲಿದೆ, ತೋರಿಸಿ

ಪೈಲಟ್ ಕೆಲಸ ಮುಗಿಸಿ ಚಿಕ್ಕಬಳ್ಳಾಪುರಕ್ಕೆ ಬಂದು ನೆಲೆಸಿದ ಮೇಲೆ ನಾನು ಜಾಸ್ತಿ ಕೇಳಿಸಿಕೊಂಡಿರುವ ಪ್ರಶ್ನೆ ಇದು: "ಸಾರ್, ಹುಬ್ಬಳ್ಳಿಗೆ ಟಿಕೆಟ್ ಮಾಡಿಸಿದ್ರೆ ಫ್ಯಾನ್ ಇರೋ ವಿಮಾನ ಕೊಟ್ಟಿದಾರೆ, ಕ್ಯಾನ್ಸಲ್ ಮಾಡ್ಲಾ?" ದ್ರಾಕ್ಷಿ ತೋಟದವರೊಬ್ಬರು ಮೊದಲು ಕ್ಯಾನ್ಸಲ್ ಮಾಡಿ, ದುಡ್ಡು ಕಳೆದುಕೊಂಡು, ಆಮೇಲೆ ಬಂದು ಕೇಳಿದರು. ಏನು ಹೇಳೋದು?

ಫ್ಯಾನ್ ಅಂದರೆ ಹಳೇದು, ಜೆಟ್ ಅಂದರೆ ಹೊಸದು ಅನ್ನುವ ಲೆಕ್ಕವೇ ತಪ್ಪು. ನೀವು ಫ್ಯಾನ್ ವಿಮಾನ ಅನ್ನುವ ಎಟಿಆರ್‌ನಲ್ಲಿರುವುದೂ ಜೆಟ್ ಜಾತಿಯ ಎಂಜಿನ್ನೇ. ಗಾಳಿ ಎಳೆದುಕೊಂಡು, ಒತ್ತಿ, ಇಂಧನ ಉರಿಸಿ, ಆ ಬಿಸಿ ಗಾಳಿಯಿಂದ ಟರ್ಬೈನ್ ಅನ್ನುವ ಅಲಗಿನ ಚಕ್ರವನ್ನು ತಿರುಗಿಸುತ್ತದೆ. ಟರ್ಬೈನ್ ಗೇರ್‌ಬಾಕ್ಸ್ ಮೂಲಕ ಪ್ರೊಪೆಲ್ಲರ್, ಅಂದರೆ ನಿಮ್ಮ ಫ್ಯಾನನ್ನು, ತಿರುಗಿಸುತ್ತದೆ. ಇನ್ನು ನೀವು ನಂಬುವ ಏರ್‌ಬಸ್ ಎಂಜಿನ್ನನ್ನು ಮುಂದಿನಿಂದ ನೋಡಿ. ಅಲ್ಲೂ ದೊಡ್ಡ ಫ್ಯಾನ್ ಇದೆ, ವಿಮಾನವನ್ನು ತಳ್ಳುವ ಬಹುಪಾಲು ಕೆಲಸ ಅದರದೇ. ಏರ್‌ಬಸ್‌ನವರದೇ ಕೆಲವು ಎ320 ನಿಯೋ ವಿಮಾನಗಳಲ್ಲಿ ಆ ಫ್ಯಾನಿಗೂ ಗೇರ್‌ಬಾಕ್ಸ್ ಇದೆ! ಸುತ್ತ ಕವಚ ಇರುವುದರಿಂದ ದೂರಕ್ಕೆ ಕಾಣುವುದಿಲ್ಲ, ಅಷ್ಟೇ. ಕಾಣುವ ಫ್ಯಾನಿಗೆ ಭಯ, ಕಾಣದ ಫ್ಯಾನಿಗೆ ಇಲ್ಲ. ಇದನ್ನು ಮದುವೆ ಮನೆಗಳಲ್ಲೂ ವಿವರಿಸಿದ್ದೇನೆ. ಎಲ್ಲರೂ ತಲೆಯಾಡಿಸುತ್ತಾರೆ, ಊಟ ಮುಗಿದ ಮೇಲೆ ಮತ್ತೆ ಬಂದು, "ಆದ್ರೂ ಫ್ಯಾನ್ ನಿಂತೋದ್ರೆ?" ಅನ್ನುತ್ತಾರೆ.

ಒಂದು ನಿಂತರೆ ಇನ್ನೊಂದರಲ್ಲಿ ಹಾರುತ್ತೇವೆ. ನಿಂತ ಪ್ರೊಪೆಲ್ಲರಿನ ಅಲಗುಗಳನ್ನು ಗಾಳಿಗೆ ಅಂಚು ಕೊಡುವಂತೆ ತಿರುಗಿಸುತ್ತೇವೆ. ಬಸ್ಸಿನ ಕಿಟಕಿಯಾಚೆ ಹಿಡಿದ ಅಂಗೈಯನ್ನು ಮಲಗಿಸಿದರೆ ಗಾಳಿಯ ಹೊಡೆತ ತಗ್ಗುತ್ತದಲ್ವಾ, ಹಾಗೆ. ಟೇಕಾಫ್ ನಡುವೆ ಒಂದು ಎಂಜಿನ್ ಕೈಕೊಟ್ಟರೂ ಮೇಲೇಳಬೇಕು ಅನ್ನುವ ಲೆಕ್ಕದಲ್ಲೇ ತೂಕ, ವೇಗ ಎಲ್ಲ ನಿಗದಿಯಾಗಿರುತ್ತದೆ. ಹಾಗಂತ ಅಪಾಯವೇ ಇಲ್ಲ ಅನ್ನುವುದಿಲ್ಲ. ಯಾವ ವಿಮಾನದ ಬಗ್ಗೆಯೂ ಯಾವ ಪೈಲಟ್ಟೂ ಹಾಗೆ ಹೇಳಬಾರದು.

ನಮ್ಮ ಕಾಲದ ಫೋಕರ್ ಫ್ರೆಂಡ್‌ಶಿಪ್, ಕಾನ್ಪುರದಲ್ಲಿ ತಯಾರಾದ ಆವ್ರೋ, ಈ ಎರಡು ಪ್ರೊಪೆಲ್ಲರ್ ವಿಮಾನಗಳಿಗೂ ರೋಲ್ಸ್ ರಾಯ್ಸ್ ಡಾರ್ಟ್ ಎಂಜಿನ್ನು. ಒಳಗೆ ನಿಮಿಷಕ್ಕೆ 15,000 ಸುತ್ತು, ಹೊರಗೆ ಪ್ರೊಪೆಲ್ಲರ್ ಸುಮಾರು 1,400. ಆ ಕೀರಲು ಸದ್ದು ಕೇಳಿದವರು ಮರೆಯೋದಿಲ್ಲ, ನನ್ನ ಹೆಂಡತಿ ಪ್ರಕಾರ ನನಗೆ ಕಿವಿ ಮಂದವಾಗಿರುವುದೂ ಅದರಿಂದಲೇ. ಬೆಂಗಳೂರಿನ ಎಚ್‌ಎಎಲ್ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಎತ್ತರ. ಏಪ್ರಿಲ್ ಮಧ್ಯಾಹ್ನ ಗಾಳಿ ತೆಳುವಾಗಿ ಎಂಜಿನ್ ಸೊರಗುತ್ತಿತ್ತು. ಆಗ ನೀರು, ಮೆಥನಾಲ್ ಬೆರೆಸಿದ್ದನ್ನು ಒಳಗೆ ಸಿಂಪಡಿಸಿ, ಕಳೆದುಕೊಂಡ ಶಕ್ತಿಯನ್ನು ವಾಪಸ್ ತಂದು ಟೇಕಾಫ್ ಮಾಡುತ್ತಿದ್ದೆವು. ಮಳೆಗಾಲದಲ್ಲಿ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಇದೇ ಪ್ರೊಪೆಲ್ಲರ್ ಮೇಲೆ ಪ್ರೀತಿ ಹುಟ್ಟುತ್ತಿತ್ತು. ಗುಡ್ಡದ ತಲೆ ಮೇಲಿನ ಗಿಡ್ಡ ರನ್‌ವೇ, ಒದ್ದೆ ನೆಲ. ಚಕ್ರ ತಾಗಿದೊಡನೆ ಅಲಗುಗಳನ್ನು ಗಾಳಿಗೆ ಅಡ್ಡ ಕೊಟ್ಟರೆ ವಿಮಾನ ಯಾರೋ ಹಿಂದಿನಿಂದ ಹಿಡಿದೆಳೆದಂತೆ ನಿಧಾನವಾಗುತ್ತಿತ್ತು.

ಎಟಿಆರ್‌ನಲ್ಲಿ ಕುಲುಕಾಟ ಸ್ವಲ್ಪ ಜಾಸ್ತಿ ಇರಬಹುದು, ಒಪ್ಪುತ್ತೇನೆ. ಜೆಟ್ಟಿನಷ್ಟು ಎತ್ತರಕ್ಕೆ ಹೋಗದೆ ಎಷ್ಟೋ ಸಲ ಮೋಡಗಳ ನಡುವೆಯೇ ಸಾಗಬೇಕು. ಸದ್ದು ಬೇಡವಾದರೆ ಪ್ರೊಪೆಲ್ಲರ್ ಸಾಲು ಬಿಟ್ಟು ಹಿಂದೆ ಕೂರಿ. ಬಾಗಿಲೂ ಹಿಂದೆಯೇ, ಇಳಿಯುವಾಗ ನೀವೇ ಮೊದಲು.