ಹೆಪ್ಪು ಎಷ್ಟು ಗಟ್ಟಿ?

ಹಾವು ಕಚ್ಚಿದವರ ಜೊತೆ ಆಸ್ಪತ್ರೆಗೆ ಓಡಿದವರು ಈ ಪರೀಕ್ಷೆ ನೋಡಿರಬಹುದು. ಒಣಗಿದ ಗಾಜಿನ ಟ್ಯೂಬಿಗೆ ಎರಡು ಮಿ.ಲೀ. ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಬಿಟ್ಟು, ಆಮೇಲೆ ಒಮ್ಮೆ ಓರೆ ಮಾಡುತ್ತಾರೆ. ರಕ್ತ ನೀರಿನಂತೆ ಹರಿದರೆ ವಿಷ ರಕ್ತಕ್ಕೆ ಕೈ ಹಾಕಿದೆ ಎಂದೇ ಲೆಕ್ಕ.

ಲಾರಿ ಗುದ್ದಿ ಬಂದವನ ಬಗ್ಗೆಯೂ ಕೇಳಬೇಕಾದ ಪ್ರಶ್ನೆ ಇದೇ. ಆದರೆ ಅಲ್ಲಿ 20 ನಿಮಿಷ ಕಾಯುವಷ್ಟು ಬಿಡುವಿಲ್ಲ, ಹೌದು ಅಥವಾ ಇಲ್ಲ ಎಂಬ ಉತ್ತರವೂ ಸಾಲದು.

ತುಂಬಾ ರಕ್ತ ಹೋಗಿ, ಮೇಲಿಂದ ಸಲೈನ್ ಏರಿಸಿದಾಗ ರಕ್ತ ತೆಳುವಾಗಿ ಹೆಪ್ಪುಗಟ್ಟುವುದಿಲ್ಲ ಎಂದು ಹಿಂದೆಲ್ಲ ನಂಬಿದ್ದರು. ಲಂಡನ್ನಿನ ಕರೀಂ ಬ್ರೋಹಿ ಮತ್ತು ಸಂಗಡಿಗರು 2003ರಲ್ಲಿ 1,088 ಗಾಯಾಳುಗಳ ದಾಖಲೆ ತೆಗೆದು ನೋಡಿದರೆ, ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಆಸ್ಪತ್ರೆ ತಲುಪುವಾಗಲೇ ಹೆಪ್ಪುಗಟ್ಟುವ ಶಕ್ತಿ ಕುಂದಿತ್ತು. ಎಷ್ಟು ಸಲೈನ್ ಹೋಗಿತ್ತು ಎಂಬುದಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ. ದೊಡ್ಡ ಗಾಯವೂ ಆಗಿ, ಅಂಗಾಂಗಗಳಿಗೆ ರಕ್ತ ಸಾಲದೆಯೂ ಹೋದಾಗ ದೇಹವೇ ತನ್ನ ಹೆಪ್ಪನ್ನು ಕರಗಿಸತೊಡಗುತ್ತದೆ.

ಇದನ್ನು ಪತ್ತೆಹಚ್ಚಲು ಲ್ಯಾಬಿಗೆ ಕಳಿಸುವುದು ಪಿಟಿ-ಐಎನ್‌ಆರ್. ರಕ್ತವನ್ನು ಗಿರ್ರನೆ ತಿರುಗಿಸಿ, ಕಣಗಳನ್ನೆಲ್ಲ ಕೆಳಗಿಳಿಸಿ, ಉಳಿದ ಪ್ಲಾಸ್ಮಾ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕೆಂದು ನೋಡುತ್ತಾರೆ. ವರದಿ ಕೈಗೆ ಬರುವಷ್ಟರಲ್ಲಿ ರೋಗಿಗೆ ಮೂರ್ನಾಲ್ಕು ಬಾಟಲಿ ರಕ್ತ ಏರಿರುತ್ತದೆ. ಆ ವರದಿಯೂ ಅರ್ಧ ಕಥೆ. ಹಾಲಿಗೆ ಹೆಪ್ಪು ಹಾಕಿದವರಿಗೆ ಗೊತ್ತು: ಯಾವಾಗ ಕೂಡಿಕೊಳ್ಳಲು ಶುರುವಾಯಿತು ಎಂಬುದು ಒಂದು, ಬೆಳಗ್ಗೆ ಮೊಸರು ಗಟ್ಟಿಯಾಗಿದೆಯೋ ಒಡೆದು ನೀರು ಬಿಟ್ಟಿದೆಯೋ ಎಂಬುದು ಇನ್ನೊಂದು. ಪಿಟಿ ಹೇಳುವುದು ಮೊದಲಿನದನ್ನು ಮಾತ್ರ.

ಎರಡನೆಯದನ್ನು ಅಳೆಯುವ ಉಪಾಯವನ್ನು ಜರ್ಮನಿಯ ಹೆಲ್ಮುಟ್ ಹಾರ್ಟರ್ಟ್ 1948ರಲ್ಲೇ ಹೇಳಿದ್ದರು. ಪುಟ್ಟ ಬಟ್ಟಲಲ್ಲಿ ಅರ್ಧ ಮಿ.ಲೀ.ಗೂ ಕಡಿಮೆ ರಕ್ತ, ಅದರೊಳಗೆ ಸಣ್ಣ ತಂತಿಯಿಂದ ತೂಗುಬಿಟ್ಟ ಕಡ್ಡಿ. ಬಟ್ಟಲು ತೊಟ್ಟಿಲಿನಂತೆ ಆಚೀಚೆ ಒಂದಿಷ್ಟೇ ತಿರುಗುತ್ತದೆ. ರಕ್ತ ನೀರಾಗಿರುವಷ್ಟು ಹೊತ್ತು ಕಡ್ಡಿ ಕದಲುವುದಿಲ್ಲ. ಹೆಪ್ಪಿನ ಎಳೆಗಳು ಹಬ್ಬಿದಂತೆ ಬಟ್ಟಲು ಕಡ್ಡಿಯನ್ನೂ ಎಳೆದುಕೊಂಡು ತಿರುಗುತ್ತದೆ. ಆ ಚಲನೆಯೇ ಗ್ರಾಫ್: ಕಡ್ಡಿ ಕದಲದಿರುವಷ್ಟು ಹೊತ್ತು ಒಂದೇ ಗೆರೆ, ತಿರುಗತೊಡಗಿದಂತೆ ಅದು ಎರಡಾಗಿ ಸೀಳಿ ಅಗಲವಾಗುತ್ತದೆ. ಗೆರೆ ತಡವಾಗಿ ಸೀಳಿದರೆ ಪ್ಲಾಸ್ಮಾ ಬೇಕು. ಸೀಳಿಯೂ ಅಗಲವಾಗದಿದ್ದರೆ ಫೈಬ್ರಿನೋಜೆನ್ (ಹೆಪ್ಪಿನ ಎಳೆಗಳಾಗುವ ಪ್ರೋಟೀನು) ಅಥವಾ ಪ್ಲೇಟ್‌ಲೆಟ್ (ಹೆಪ್ಪುಗಟ್ಟಿಸುವ ಪುಟ್ಟ ಕಣ) ಸಾಲದು. ಅಗಲವಾಗಿ ಮತ್ತೆ ಬೇಗ ಮುಚ್ಚಿಕೊಂಡರೆ ಹೆಪ್ಪು ಕರಗುತ್ತಿದೆ, ಆ ಕರಗುವಿಕೆಯನ್ನು ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧ ನೆನಪಾಗಬೇಕು. ಈಗಿನ ಯಂತ್ರಗಳು ಮೊದಲ ಸುಳಿವನ್ನು ಐದು-ಹತ್ತು ನಿಮಿಷದಲ್ಲಿ ಕೊಡುತ್ತವೆ. ಪ್ಲಾಸ್ಮಾ ಫ್ರೀಜರಿನಿಂದ ತೆಗೆದು ಕರಗಿಸುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಜೀವ ಉಳಿಯುತ್ತದೆಯೇ? ಅಮೆರಿಕದ ಡೆನ್ವರ್‌ನಲ್ಲಿ 111 ಗಾಯಾಳುಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಎಲ್ಲರಲ್ಲೂ ಆಸೆ ಹುಟ್ಟಿಸಿತು. 28 ದಿನಗಳಲ್ಲಿ ಸತ್ತವರು, ಗ್ರಾಫ್ ನೋಡಿ ರಕ್ತ ಕೊಟ್ಟ ಗುಂಪಿನಲ್ಲಿ ಶೇ. 19.6, ಹಳೆಯ ಪರೀಕ್ಷೆ ನಂಬಿದ ಗುಂಪಿನಲ್ಲಿ ಶೇ. 36.4. ಯುರೋಪಿನ 396 ಗಾಯಾಳುಗಳ ಇಟ್ಯಾಕ್ಟಿಕ್ ಪ್ರಯೋಗ 2021ರಲ್ಲಿ ಆ ಆಸೆಗೆ ತಣ್ಣೀರೆರಚಿತು. 24 ಗಂಟೆ ಕಳೆದಾಗ ಬದುಕಿದ್ದು, ರಾಶಿ ರಕ್ತವೂ ಬೇಕಾಗದವರು ಗ್ರಾಫ್ ನೋಡಿದ ಕಡೆ ಶೇ. 67, ಹಳೆಯ ಪರೀಕ್ಷೆಯ ಕಡೆ ಶೇ. 64, ಗಣನೀಯ ವ್ಯತ್ಯಾಸವಲ್ಲ. ಅಲ್ಲಿ ಎರಡೂ ಗುಂಪಿಗೆ ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಮೊದಲಿನಿಂದಲೇ ಸಮತೂಕದಲ್ಲಿ ಸಿಗುತ್ತಿದ್ದವು. ಊಟ ಆಗಲೇ ಚೆನ್ನಾಗಿದ್ದ ಮನೆಯಲ್ಲಿ ಹೊಸ ಅಡುಗೆಯವನ ಕೈಗುಣ ಕಾಣಲಿಲ್ಲ ಎಂದು ನಾನಂತೂ ಅರ್ಥ ಮಾಡಿಕೊಂಡಿದ್ದೇನೆ.

ಯಂತ್ರದ ಕಣ್ಣಿಗೆ ಬೀಳದ ಸಂಗತಿಗಳೂ ಇವೆ. ಬಟ್ಟಲಿನ ರಕ್ತವನ್ನು ಅದು ಸಾಮಾನ್ಯವಾಗಿ 37 ಡಿಗ್ರಿಗೆ ಬೆಚ್ಚಗಿಡುತ್ತದೆ. ಮೇಜಿನ ಮೇಲೆ ಮಲಗಿದವನ ಮೈ 34ಕ್ಕೆ ಇಳಿದಿರಬಹುದು, ತಣ್ಣಗಾದ ಮೈಯಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟದಿರಲೆಂದು ಸಿಟ್ರೇಟ್ ಬೆರೆಸಿದ ಮಾದರಿಗೆ, ಹೆಪ್ಪುಗಟ್ಟಲು ಬೇಕಾದ ಕ್ಯಾಲ್ಸಿಯಂ ಅನ್ನು ಯಂತ್ರದ ಪರೀಕ್ಷೆಯೇ ಸೇರಿಸುತ್ತದೆ. ಬಾಟಲಿ ಮೇಲೆ ಬಾಟಲಿ ಏರಿದವನ ಕ್ಯಾಲ್ಸಿಯಂ ಅನ್ನು ಆ ರಕ್ತದಲ್ಲಿದ್ದ ಸಿಟ್ರೇಟೇ ಹಿಡಿದಿಟ್ಟಿರುತ್ತದೆ. ಗ್ರಾಫ್ ಸೊಗಸಾಗಿದ್ದೂ ಬ್ಯಾಂಡೇಜ್ ಒದ್ದೆಯಾಗುತ್ತಲೇ ಇದ್ದರೆ ಮೊದಲು ಗಾಯವನ್ನೇ ಬಿಚ್ಚಿ ನೋಡುತ್ತಾರೆ. ಜೊತೆಗೇ ಯಾರಾದರೊಬ್ಬರು ಬಿಸಿ ಹೊದಿಕೆಗೂ ಕ್ಯಾಲ್ಸಿಯಂ ಗ್ಲುಕೋನೇಟಿಗೂ ಓಡುತ್ತಾರೆ.