ದೆಹಲಿ–ಟೋಕಿಯೊ: ದೂರ ಮತ್ತು ಹಾರಾಟದ ಸಮಯ, ಲೆಕ್ಕ ಎಲ್ಲಿ ಕೈಕೊಡುತ್ತೆ

ದೆಹಲಿ ವಿಮಾನ ನಿಲ್ದಾಣ: 28.57° ಉತ್ತರ, 77.10° ಪೂರ್ವ. ಟೋಕಿಯೊದ ಹನೇಡಾ: 35.55° ಉತ್ತರ, 139.78° ಪೂರ್ವ. ಅಕ್ಷಾಂಶದ ವ್ಯತ್ಯಾಸ 6.98°, ರೇಖಾಂಶದ್ದು 62.68°.

ಎಡವೋದು ಇದರ ಮುಂದಿನ ಹೆಜ್ಜೆಯಲ್ಲಿ. ಒಂದು ಡಿಗ್ರಿಗೆ 111.2 ಕಿ.ಮೀ. ಅಂತ ಎರಡಕ್ಕೂ ಹಿಡಿದು ಪೈಥಾಗರಸ್ ಹಾಕಿದರೆ ಸುಮಾರು 7,010 ಕಿ.ಮೀ. ಬರುತ್ತೆ. ನಿಜಕ್ಕಿಂತ 1,150 ಕಿ.ಮೀ. ಜಾಸ್ತಿ! ಉತ್ತರ-ದಕ್ಷಿಣದ ಡಿಗ್ರಿ ಎಲ್ಲಿ ಅಳೆದರೂ ಹೆಚ್ಚುಕಡಿಮೆ ಅಷ್ಟೇ. ಪೂರ್ವ-ಪಶ್ಚಿಮದ ಡಿಗ್ರಿ ಹಾಗಲ್ಲ. ಕಿತ್ತಳೆ ತೊಳೆ ನೋಡಿ: ನಡುವೆ ದಪ್ಪ, ತುದಿಗೆ ಹೋದಂತೆ ಸಣ್ಣ. ರೇಖಾಂಶಗಳ ನಡುವಿನ ಜಾಗವೂ ಹೀಗೇ ಕಿರಿದಾಗುತ್ತೆ, ಎಷ್ಟು ಅಂದರೆ ಸಮಭಾಜಕದ ಅಳತೆಯನ್ನು ಅಕ್ಷಾಂಶದ ಕಾಸ್‌ನಿಂದ (ತ್ರಿಕೋನಮಿತಿಯ ಕೊಸೈನ್) ಗುಣಿಸಿದಷ್ಟು. ದೆಹಲಿಯ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ 97.7 ಕಿ.ಮೀ., ಹನೇಡಾದಲ್ಲಿ 90.5 ಮಾತ್ರ.

ಶಾರ್ಟ್‌ಕಟ್: ನಡುವಿನ ಅಕ್ಷಾಂಶ 32.06°, ಅದರ ಕಾಸ್ 0.8475. ಇದರಿಂದ 62.68 ಅನ್ನು ಗುಣಿಸಿದರೆ 53.12. ಈಗ ಇದಕ್ಕೂ 6.98ಕ್ಕೂ ಪೈಥಾಗರಸ್ ಹಾಕಿ: 53.58°, ಅಂದರೆ ಸುಮಾರು 5,960 ಕಿ.ಮೀ. ಅಂದಾಜಿಗೆ ಸಾಕು.

ಪೂರ್ತಿ ಸೂತ್ರ: ಎರಡು ಅಕ್ಷಾಂಶಗಳ ಸೈನ್‌ಗಳ ಗುಣಲಬ್ಧ (0.2781), ಅದಕ್ಕೆ ಎರಡೂ ಅಕ್ಷಾಂಶಗಳ ಕಾಸ್ ಮತ್ತು ರೇಖಾಂಶ ವ್ಯತ್ಯಾಸದ ಕಾಸ್, ಮೂರರ ಗುಣಲಬ್ಧ (0.3279) ಕೂಡಿಸಿ. 0.6060 ಬಂತು. ಇದರ ವಿಲೋಮ ಕಾಸ್ (ಅಂದರೆ ಯಾವ ಕೋನದ ಕಾಸ್ ಇಷ್ಟಿರುತ್ತೋ ಆ ಕೋನ) 52.7°, 111.2ರಿಂದ ಗುಣಿಸಿದರೆ 5,860 ಕಿ.ಮೀ.

ಎಕ್ಸೆಲ್‌ನಲ್ಲಿ ಮಾಡುವವರಿಗೆ: ಅದು ಕೋನವನ್ನು ರೇಡಿಯನ್ (ಕೋನದ ಇನ್ನೊಂದು ಅಳತೆ) ಅಂತಲೇ ತಿಳಿಯುತ್ತೆ. ಡಿಗ್ರಿಯನ್ನೇ ಕೊಟ್ಟು, ಬಂದ ಉತ್ತರವನ್ನು ಭೂಮಿಯ ತ್ರಿಜ್ಯ 6,371ರಿಂದ ಗುಣಿಸಿದರೆ ಸುಮಾರು 4,500 ಕಿ.ಮೀ. ಬರುತ್ತೆ. ತಪ್ಪು ಉತ್ತರ ನಂಬುವ ಹಾಗೆ ಇರೋದೇ ತೊಂದರೆ, ಯಾರಿಗೂ ಅನುಮಾನ ಬರಲ್ಲ.

ಈ ನೇರ ದಾರಿ ನಕ್ಷೆಯಲ್ಲಿ ಬಾಗಿ 37° ಉತ್ತರದವರೆಗೂ ಏರುತ್ತೆ, ಟೋಕಿಯೊಗಿಂತ ಮೇಲಕ್ಕೆ. ನಡುವೆ ಹಿಮಾಲಯ, ಟಿಬೆಟ್. ಕ್ಯಾಬಿನ್ನಿನ ಒತ್ತಡ ಹೋದರೆ ವಿಮಾನ ಬೇಗ 10,000 ಅಡಿಯ ಹತ್ತಿರಕ್ಕೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ. ಹಾಗಾಗಿ ಮ್ಯಾನ್ಮಾರ್, ದಕ್ಷಿಣ ಚೀನಾ ಕಡೆಯಿಂದ ಸುತ್ತು. ಲೆಕ್ಕಕ್ಕೆ 6,200 ಕಿ.ಮೀ. ಇಟ್ಟುಕೊಳ್ಳಿ.

ಗಾಳಿ ಇಲ್ಲದೆ ಗಂಟೆಗೆ 900 ಕಿ.ಮೀ. ವೇಗದಲ್ಲಿ 6 ಗಂಟೆ 53 ನಿಮಿಷ. ಜೆಟ್ ಸ್ಟ್ರೀಮ್ (ಬಹಳ ಎತ್ತರದ ವೇಗದ ಗಾಳಿ) ಬೀಸೋದು ಪಶ್ಚಿಮದಿಂದ ಪೂರ್ವಕ್ಕೆ, ಚಳಿಗಾಲದಲ್ಲಿ ಜೋರು. ಸರಾಸರಿ 100 ಕಿ.ಮೀ. ಗಾಳಿ ಅಂದುಕೊಂಡರೆ ಹೋಗುವಾಗ 6:12, ಬರುವಾಗ 7:45. ಉಳಿದದ್ದು 41 ನಿಮಿಷ, ಕಳೆದದ್ದು 52. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರ್ತೀವಲ್ಲ, ಅದಕ್ಕೇ ಸರಿಹೋಗಲ್ಲ.

ಗಡಿಯಾರ: ಜಪಾನ್ ನಮಗಿಂತ 3:30 ಮುಂದು. ಟಿಕೆಟ್‌ನ ಎರಡು ಸಮಯಗಳ ಅಂತರದಿಂದ ಹೋಗುವಾಗ ಇದನ್ನು ಕಳೆಯಿರಿ, ಬರುವಾಗ ಕೂಡಿಸಿ. ಟಿಕೆಟ್‌ನಲ್ಲಿ ದೆಹಲಿ ಸಂಜೆ 7:30, ಟೋಕಿಯೊ ಬೆಳಿಗ್ಗೆ 6:30 ಅಂತಿದ್ದರೆ 11 ಅಲ್ಲ, 7:30 ಗಂಟೆ. ವಾಪಸ್ ಬೆಳಿಗ್ಗೆ 11:30ಕ್ಕೆ ಹೊರಟು ಸಂಜೆ 5:30ಕ್ಕೆ ಇಳಿದರೆ 6 ಅಲ್ಲ, 9:30 ಗಂಟೆ. ಮೇಲಿನ ಲೆಕ್ಕಕ್ಕಿಂತ ಇದು ಹೆಚ್ಚಿರೋದು ಯಾಕಂದರೆ, ಟಿಕೆಟ್ಟಿನ ಸಮಯ ಗೇಟಿನಿಂದ ಗೇಟಿಗೆ: ರನ್‌ವೇಗೆ ಉರುಳೋದು, ಸರದಿ ಕಾಯೋದು, ಜೋರು ಗಾಳಿಯ ದಿನಕ್ಕೆ ಬಿಟ್ಟ ಅಂತರ ಎಲ್ಲ ಅದರೊಳಗೇ.