ಕಲ್ಲಿನ ಊರು ಕೇಳಿ

ಹೊಸದಾಗಿ ಸಜ್ಜುಗೊಂಡ ವಸ್ತು ಸಂಗ್ರಹಾಲಯಕ್ಕೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ನೆಲದ ಹೊಳಪಿಗೆ, ಚಾವಣಿಯ ದೀಪಗಳಿಗೆ, ಗೋಡೆಯ ಟಚ್ ಸ್ಕ್ರೀನಿಗೆ. ನವೀಕರಣ ಚೆನ್ನಾಗಿ ಆಗಿದೆಯೇ ಎಂದು ತಿಳಿಯಲು ಇದಾವುದೂ ಬೇಡ. ಒಂದು ವೀರಗಲ್ಲಿನ (ಕಾಳಗದಲ್ಲಿ ಮಡಿದವನ ನೆನಪಿಗೆ ನೆಟ್ಟ ಕಲ್ಲು) ಮುಂದೆ ನಿಂತು ಅದರ ಫಲಕ ಓದಿ. 'ವೀರಗಲ್ಲು, ಹೊಯ್ಸಳ, 12ನೇ ಶತಮಾನ' ಎಂದಷ್ಟೇ ಬರೆದಿದ್ದರೆ ದುಡ್ಡು ಬಣ್ಣಕ್ಕೆ ಹೋಗಿದೆ. ಊರು, ತಾಲ್ಲೂಕು, ಊರಿನಲ್ಲಿ ಎಲ್ಲಿತ್ತು (ಕೆರೆ ಏರಿಯೋ, ಊರಬಾಗಿಲೋ, ಗುಡಿ ಹಿಂದಿನ ಹಿತ್ತಲೋ), ಯಾವ ವರ್ಷ ತಂದದ್ದು, ಇಷ್ಟು ಇದ್ದರೆ ಕೆಲಸ ಬಲ್ಲವರ ಕೈ ಆಡಿದೆ.

ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಈ ಮಾತಿಗೆ ತೂಕ ಹೆಚ್ಚು. ಇಲ್ಲಿ ವೀರಗಲ್ಲು ನೋಡಲು ಟಿಕೆಟ್ ತೆಗೆದುಕೊಳ್ಳಬೇಕಿಲ್ಲ. ಅರಸೀಕೆರೆ ಕಡೆಯ ಕೆರೆ ಏರಿಯ ಮೇಲೆ, ಬೇಲೂರು ಕಡೆಯ ಅರಳಿಕಟ್ಟೆಯ ಬುಡದಲ್ಲಿ, ಮೂಡಿಗೆರೆಯ ತೋಟದೊಳಗೆ ಅವು ನಿಂತೇ ಇವೆ. ಬಯಲಿನ ಕಲ್ಲಿಗಿಲ್ಲದ ಯಾವುದನ್ನು ಸಂಗ್ರಹಾಲಯ ಕೊಡಬಲ್ಲದು? ನೆರಳು, ಕಾವಲು ಮತ್ತು ಮಾಹಿತಿ. ಮೂರನೆಯದಿಲ್ಲದಿದ್ದರೆ ಕಲ್ಲನ್ನು ಊರಿನಿಂದ ಎಬ್ಬಿಸಿ ತಂದದ್ದು ನಷ್ಟದ ಬಾಬತ್ತೇ.

ನವೀಕರಣದ ಸಮಯದಲ್ಲಿ ಮೊದಲು ಕಳೆದುಹೋಗುವುದೂ ಇದೇ. ಹಳೆಯ ಕಾಲದವರು ಕಲ್ಲಿನ ಬೆನ್ನಿಗೋ ಪಕ್ಕಕ್ಕೋ ಬಿಳಿ ಬಣ್ಣದಲ್ಲಿ ದಾಖಲಾತಿ ಸಂಖ್ಯೆ ಬರೆದಿರುತ್ತಾರೆ. ನೋಡಲು ಚೆಂದವಲ್ಲ. ಗುತ್ತಿಗೆಯ ಕೆಲಸಗಾರ ಚೊಕ್ಕ ಮಾಡುವ ಉತ್ಸಾಹದಲ್ಲಿ ಅದನ್ನು ಉಜ್ಜಿ ತೆಗೆದರೆ ಕಲ್ಲಿಗೂ ದಾಖಲಾತಿ ಪುಸ್ತಕಕ್ಕೂ ಇದ್ದ ಏಕೈಕ ಕೊಂಡಿ ಹರಿಯಿತು. ಆಮೇಲೆ ಒಂದೇ ಅಳತೆಯ, ಒಂದೇ ಬಗೆಯ ಆರು ವೀರಗಲ್ಲುಗಳಲ್ಲಿ ಯಾವುದು ಯಾವ ಊರಿನದೆಂದು ಹೇಳಲು ಶಿಲ್ಪಶೈಲಿ ನೆರವಾಗದು. ಕಲ್ಲಿನ ಪಕ್ಕಕ್ಕೆ ಬಾಗಿ ನೋಡಿ: ಹಳೆಯ ಸಂಖ್ಯೆ ಉಳಿದಿದೆಯೇ? ಉಳಿದಿದ್ದರೆ ಸಮಾಧಾನಪಡಿ.

ಶಾಸನವಿರುವ ಕಲ್ಲಾದರೆ ಇನ್ನೊಂದು ದಾರಿ ಉಂಟು. ಶಾಸನಗಳನ್ನು ಊರಿನ ಹೆಸರಿನೊಡನೆ ಅಚ್ಚುಹಾಕಿದ ಮಾಲೆ, ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟ ಹಾಸನ ಜಿಲ್ಲೆಯದು, 6ನೆಯದು ಕಡೂರು ಜಿಲ್ಲೆಯದು, ಎಂದರೆ ಇಂದಿನ ಚಿಕ್ಕಮಗಳೂರು. ಶ್ರವಣಬೆಳಗೊಳಕ್ಕೆ 2ನೆಯದು ಪ್ರತ್ಯೇಕವಾಗಿಯೇ ಇದೆ. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಹಂಚಿಕೆಯೂ ಸಂಖ್ಯೆಗಳೂ ಬದಲಾಗಿವೆ, ಹಾಗಾಗಿ ಒಂದೇ ಶಾಸನಕ್ಕೆ ಎರಡು ಸಂಖ್ಯೆ. ಫಲಕದಲ್ಲಿ ಯಾವ ಆವೃತ್ತಿಯದೆಂದು ಬರೆಯದೆ ಬರೀ ಸಂಖ್ಯೆ ಕೊಟ್ಟರೆ ಓದುಗ ಬೇರೆ ಯಾವುದೋ ಊರಿನ ದತ್ತಿ ಶಾಸನಕ್ಕೆ ಹೋಗಿ ನಿಲ್ಲುತ್ತಾನೆ.

ಇನ್ನು ವೀರಗಲ್ಲು ಓದುವ ಕ್ರಮ. ಬಹುತೇಕರು ಪುಸ್ತಕದಂತೆ ಮೇಲಿನಿಂದ ಕೆಳಗೆ ನೋಡುತ್ತಾರೆ; ಇದು ಕೆಳಗಿನಿಂದ ಮೇಲೆ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗಿನದರಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ತುದಿಯಲ್ಲಿ ಕೈಲಾಸದಲ್ಲಿ ಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ವೀರ ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನ. ಎಲ್ಲದಕ್ಕೂ ಮೇಲೆ ಸೂರ್ಯ, ಚಂದ್ರ: ಅವು ಇರುವವರೆಗೂ ಇದು ಇರಲಿ ಎಂದು. ಯಾಕೆ ಸತ್ತ ಎನ್ನುವುದು ಕೆಳಗಿನ ಪಟ್ಟಿಕೆಯಲ್ಲಿ. ಮೂಲೆಯಲ್ಲಿ ದನಗಳು ಒತ್ತೊತ್ತಾಗಿ ನಿಂತಿದ್ದರೆ ತುರುಗೊಳ್, ದನ ಹಿಡಿದುಕೊಂಡು ಹೋಗುವವರ ಎದುರು ಬಿದ್ದವನು. ಶಾಸನದಲ್ಲಿ 'ಪೆಣ್ಬುಯ್ಯಲ್' ಎಂದಿದ್ದರೆ ಹೆಂಗಸರ ಮೊರೆ ಕೇಳಿ ಅವರ ಮಾನ ಕಾಯಲು ಹೋದವನು, 'ಊರಳಿವು' ಎಂದಿದ್ದರೆ ಊರಿನ ಮೇಲೆ ಬಿದ್ದವರನ್ನು ತಡೆದವನು. ಅಕ್ಷರಗಳು ಪಟ್ಟಿಕೆಗಳ ನಡುವಿನ ಅಡ್ಡ ದಂಡೆಯಲ್ಲಿರುತ್ತವೆ. ಜಾಗ ಸಾಲದಾದಾಗ ಶಿಲ್ಪದ ಸಂದಿಗೂ ನುಗ್ಗುತ್ತವೆ.

ಕಂಬವೊಂದರಿಂದ ಮೊಣಕೈ ಮಡಿಸಿದ ಬಳೆ ತೊಟ್ಟ ತೋಳು ಹೊರಚಾಚಿ, ಬೆರಳ ನಡುವೆ ನಿಂಬೆಹಣ್ಣಿದ್ದರೆ ಮಾಸ್ತಿಕಲ್ಲು, ಸತಿ ಹೋದವಳ ನೆನಪಿನದು. ಎದುರುಬದುರು ಕುಳಿತ ಇಬ್ಬರು, ನಡುವೆ ಗ್ರಂಥವಿಡುವ ಪೀಠ: ನಿಷಿಧಿ, ವ್ರತ ಹಿಡಿದು ದೇಹ ಬಿಟ್ಟ ಜೈನರ ನೆನಪಿನ ಕಲ್ಲು. ಮುಕ್ಕೊಡೆ (ಒಂದರ ಮೇಲೊಂದು ಮೂರು ಕೊಡೆ) ಇದ್ದರೆ ಬಸದಿಗೆ ಬಿಟ್ಟ ಭೂಮಿ, ಕೊಡೆ ಹಿಡಿದ ಕುಳ್ಳ ವಾಮನನಿದ್ದರೆ ವೈಷ್ಣವ ದತ್ತಿಯ ಎಲ್ಲೆಕಲ್ಲು. ಎಲ್ಲೆಕಲ್ಲನ್ನು ಗೋಡೆಗೆ ಒರಗಿಸಿ 'ವಾಮನ ಶಿಲ್ಪ' ಎಂದು ಬರೆದರೆ ಅರ್ಧ ಕಥೆ ಹೋಯಿತು, ಏಕೆಂದರೆ ಆ ಕಲ್ಲಿನ ಕೆಲಸವೇ ಒಂದು ನಿರ್ದಿಷ್ಟ ಜಾಗದಲ್ಲಿ ನಿಲ್ಲುವುದು.

ನಿಲ್ಲಿಸುವ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನ ಹಾನಿ ಅಲ್ಲಿಯೇ. 1.8 ಮೀಟರ್ ಎತ್ತರ, 90 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ದಪ್ಪದ ವೀರಗಲ್ಲು ಹೆಚ್ಚುಕಡಿಮೆ 900 ಕಿಲೋ ತೂಗುತ್ತದೆ. ಎತ್ತಲು ಚೈನ್ ಪುಲ್ಲಿ ಮತ್ತು ಅಗಲ ನೈಲಾನ್ ಪಟ್ಟಿ ಬೇಕು. ತಂತಿ ಹಗ್ಗ ಅಂಚನ್ನು ಕಚ್ಚುತ್ತದೆ. ವೀರಗಲ್ಲಿನ ಬುಡದಲ್ಲಿ ಕೆತ್ತನೆ ಇಲ್ಲದ ಒರಟು ಭಾಗವಿರುತ್ತದೆ, ಅದು ನೆಲದೊಳಗೆ ಹೂಳಲೆಂದೇ ಬಿಟ್ಟದ್ದು. ಹೊಸ ನೆಲ ಹಾಕುವಾಗ ಅಂದಾಜು ತಪ್ಪಿ ಕಾಂಕ್ರೀಟ್ ಒಂದು ಗೇಣು ಮೇಲೇರಿದರೆ ಕೆಳಗಿನ ಪಟ್ಟಿಕೆಯ ಕಾಲುಗಳೂ ಶಾಸನದ ಕೊನೆಯ ಸಾಲೂ ಸಿಮೆಂಟಿನ ಪಾಲು. ದನಗಳಿಗೆ ಗೊರಸಿಲ್ಲ, ಸೈನಿಕರಿಗೆ ಪಾದವಿಲ್ಲ ಎಂದು ಕಂಡರೆ ಶಿಲ್ಪಿಯನ್ನು ದೂರಬೇಡಿ.

ಸಿಮೆಂಟಿನ ಎರಡನೆಯ ಹಾವಳಿ ನಿಧಾನದ್ದು. ಅದರೊಳಗಿನ ಕರಗುವ ಲವಣಗಳು ನೆಲದ ತೇವದ ಜೊತೆ ಕಲ್ಲಿನೊಳಗೆ ಏರುತ್ತವೆ. ನೀರು ಆರಿದಾಗ ಮೇಲ್ಮೈಯ ಹಿಂದೆ ಹರಳುಗಟ್ಟಿ ಉಬ್ಬಿ ಪದರವನ್ನು ಕಳಚುತ್ತವೆ. ನೆಲದಿಂದ ಒಂದೆರಡು ಅಡಿಯೊಳಗೆ ಬಿಳಿ ಪುಡಿ, ಅದರ ಕೆಳಗೆ ಹೊಪ್ಪಳೆ ಎದ್ದ ಕಲ್ಲು, ಇದೇ ಗುರುತು. ಕಬ್ಬಿಣದ ಪಟ್ಟಿಯಿಂದ ಬಿಗಿದಿದ್ದರೆ ಇನ್ನೊಂದು ತೊಂದರೆ: ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಕಲ್ಲು ಸೀಳುತ್ತದೆ. ಸರಿಯಾದ ಪದ್ಧತಿಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಆಧಾರ, ಕಲ್ಲಿಗೂ ಲೋಹಕ್ಕೂ ನಡುವೆ ಮೆತ್ತನೆಯ ಹಾಸು, ಭರ್ತಿ ಬೇಕಾದಲ್ಲಿ ಸುಣ್ಣದ ಗಾರೆ, ಮತ್ತು ಬೇಕೆಂದಾಗ ಬಿಚ್ಚಿ ತೆಗೆಯಲು ಬರುವಂಥ ಜೋಡಣೆ. ಹೊರಗೆ ಅಂಗಳದಲ್ಲಿ ನಿಲ್ಲಿಸಿದವುಗಳ ಸುತ್ತ ಜಲ್ಲಿ ಹಾಸಿದ್ದರೆ ಮಳೆನೀರು ಚಿಮ್ಮಿ ಪಾಚಿ ಕಟ್ಟುವುದು ಕಡಿಮೆ. ಪಾಚಿಗೆ ಮೆತ್ತನೆ ಬ್ರಷ್, ನೀರು, ತಾಳ್ಮೆ ಬೇಕು. ಆಸಿಡ್ ಹಾಕಿದರೆ ಒಂದೇ ದಿನದಲ್ಲಿ ಫಳಫಳ, ಆಮೇಲೆ ಉಳಿಯ ಗುರುತುಗಳೇ ಇಲ್ಲ.

ಬೆಳಕು. ಶಾಸನಕ್ಕೆ ಎದುರಿನಿಂದ ಬೆಳಕು ಬಿಟ್ಟರೆ ಅಕ್ಷರ ಮಾಯ. ಮೇಲೆ ಎಡದಿಂದ, ಕಲ್ಲಿನ ಮೈಗೆ 15ರಿಂದ 30 ಡಿಗ್ರಿ ಓರೆಯಲ್ಲಿ ಬಿದ್ದರೆ ಪ್ರತಿ ಗೀರಿನಲ್ಲೂ ನೆರಳು ನಿಲ್ಲುತ್ತದೆ. ಚಾವಣಿಯ ಮಧ್ಯದ ದೀಪಗಳಷ್ಟೇ ಇದ್ದರೆ ಕಾವಲಿನವರನ್ನು ಕೇಳಿ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ಮುಟ್ಟದೆ. ಸೀಮೆಸುಣ್ಣ, ಕುಂಕುಮ, ಹಿಟ್ಟು ತುಂಬಿ ಓದುವ ಹಳೆಯ ಚಾಳಿ ಬೇಡ: ಮುಂದಿನವರಿಗೆ ಉಳಿಯುವುದು ನೀವು ಓದಿದ ಅಕ್ಷರವೇ ಹೊರತು ಕಲ್ಲಿನದಲ್ಲ. ಫೋಟೊ ತೆಗೆಯುವುದಾದರೆ ಮೊದಲು ಇಡೀ ಕಲ್ಲು, ನಂತರ ಒಂದರ ಮೇಲೊಂದು ಮೂರನೇ ಒಂದು ಪಾಲು ಬರುವಂತೆ ತುಂಡುತುಂಡಾಗಿ, ಕೊನೆಗೆ ಫಲಕದ್ದೂ ಒಂದು. ಕೊನೆಯದನ್ನು ಮರೆಯುವವರೇ ಹೆಚ್ಚು.

ಓದಲು ಸುಲಭವಾದದ್ದು ತೇದಿ. 'ಸಕವರ್ಷ' ಎಂಬುದರ ಮುಂದಿನ ಸಂಖ್ಯೆಗೆ 78 ಕೂಡಿಸಿದರೆ ಕ್ರಿಸ್ತಶಕ. ಮಾಘ, ಫಾಲ್ಗುಣದ ತೇದಿಯಾದರೆ ಬಹುತೇಕ 79. ಸಂವತ್ಸರದ ಹೆಸರು ತಾಳೆ ನೋಡಲು ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸ್ಥಾನ, ಶೇಷ ಸೊನ್ನೆಯಾದರೆ ಅಕ್ಷಯ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು ಶಕ 1039, ಹೇವಿಳಂಬಿ. 1039ಕ್ಕೆ 12 ಸೇರಿಸಿದರೆ 1051, ಶೇಷ 31, ಹೇವಿಳಂಬಿಯ ಸ್ಥಾನ ಅದೇ. 1117ರ ಹೇವಿಳಂಬಿಯಿಂದ 2017ರ ಹೇವಿಳಂಬಿಗೆ ಸರಿಯಾಗಿ 15 ಸುತ್ತು. ತಾಳೆಯಾಗದಿದ್ದರೆ ಒಂದು ವರ್ಷದ ಹೆಚ್ಚುಕಡಿಮೆ ಸಾಮಾನ್ಯ. ಅದಕ್ಕೂ ಮೀರಿದ ವ್ಯತ್ಯಾಸ ಬಂದರೆ ಅಂಕಿಯನ್ನು ಮತ್ತೊಮ್ಮೆ ಓದಿ.

ಹಳೇಬೀಡಿನಲ್ಲಿ ಹೊಯ್ಸಳೇಶ್ವರದ ಆವರಣದಲ್ಲೇ ಭಾರತೀಯ ಪುರಾತತ್ವ ಸರ್ವೇಕ್ಷಣದ ಸಂಗ್ರಹಾಲಯವಿದೆ (ಶುಕ್ರವಾರ ರಜೆ, ಗುಡಿಗೆ ರಜೆಯಿಲ್ಲ). ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಇಲ್ಲಿಗೆ ಜನ ಹೆಚ್ಚು. ನಮ್ಮ ಸಲಹೆ: ಮೊದಲು ಗುಡಿಯ ಜಗುಲಿಯ ಮೇಲೆ ಒಂದು ಸುತ್ತು ಬಂದು ಗೋಡೆಯ ಬುಡದ ಪಟ್ಟಿಕೆಗಳನ್ನು ಕೆಳಗಿನಿಂದ ಎಣಿಸಿ. ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣ ಕಥೆ, ಮಕರ, ಹಂಸ. ಎಂಟು. ಇದು ಮನಸ್ಸಿನಲ್ಲಿ ನಿಂತರೆ ಸಂಗ್ರಹಾಲಯದ ಬಿಡಿ ತುಂಡುಗಳು ತಾವಾಗಿ ಎದ್ದು ತಮ್ಮ ಜಾಗ ಹೇಳುತ್ತವೆ. ಇಂಥ ಪಟ್ಟಿಕೆಯ ತುಂಡಿನಲ್ಲಿ ಆನೆ ಸಾಲಿದ್ದರೆ ಅದು ಭಾರ ಹೊತ್ತ ಬುಡದ ಕಲ್ಲು, ಹಂಸವಿದ್ದರೆ ನಮ್ಮ ಎದೆಮಟ್ಟಕ್ಕೆ ಬರುವಂಥದ್ದು. ಕಲ್ಲಿಗೆ ಊರಿರುವಂತೆ ಎತ್ತರವೂ ಇರುತ್ತದೆ.

ಮದನಿಕೆಯರಲ್ಲಿ, ಎಂದರೆ ಸೂರಿನಡಿಯ ಸುಂದರಿಯರ ಶಿಲ್ಪಗಳಲ್ಲಿ, ಇದು ಇನ್ನೂ ಸ್ಪಷ್ಟ. ಬೇಲೂರಿನಲ್ಲಿ ಅವರು ಕಂಬದ ತಲೆಗೂ ಸೂರಿಗೂ ನಡುವೆ ಮುಂದಕ್ಕೆ ಬಾಗಿ ನಿಂತಿದ್ದಾರೆ. ಕೆಳಗಿನಿಂದ ತಲೆ ಎತ್ತಿ ನೋಡುವವನ ಕಣ್ಣಿಗೆ ಲೆಕ್ಕ ಹಾಕಿ ಕಡೆದದ್ದು. ಅಂಥದೊಂದು ಬಿಡಿ ಶಿಲ್ಪವನ್ನು ಗೋಡೆಗೆ ನೆಟ್ಟಗೆ, ಕಣ್ಣಿನ ಮಟ್ಟದಲ್ಲಿ ನಿಲ್ಲಿಸಿದರೆ ತಲೆ ದೊಡ್ಡದಾಗಿ, ಕಾಲು ಗಿಡ್ಡವಾಗಿ ಕಾಣುತ್ತದೆ, ನೋಡಿದವರು ಇದು ಬೇಲೂರಿನಷ್ಟು ಚೆನ್ನಾಗಿಲ್ಲ ಎಂದು ಮುಂದೆ ಹೋಗುತ್ತಾರೆ. ಮೊಣಕಾಲೂರಿ ಕೆಳಗಿನಿಂದ ನೋಡಿ. ಶಿಲ್ಪದ ಮೇಲೆ, ಕೆಳಗೆ ಜೋಡಣೆಯ ಗೂಟವೋ ಕುಳಿಯೋ ಮುರಿದ ಗುರುತಿದ್ದರೆ ಅದನ್ನೂ ಗಮನಿಸಿ. ಬಾಗು ಎಷ್ಟಿತ್ತೆಂದು ಅದೇ ಹೇಳುತ್ತದೆ. ಬಳಪದ ಕಲ್ಲು ಮೃದು, ಅದಕ್ಕೇ ಆ ಸರದ ಎಳೆ ಎಳೆಯೂ ಬಿಡಿಸಿಕೊಂಡಿದೆ, ಅದಕ್ಕೇ ಕೈಯ ಜಿಡ್ಡಿಗೆ ಕಪ್ಪಾಗಿ ಸವೆಯುವುದೂ ಬೇಗ. ಮುಟ್ಟಬಾರದು ಎಂಬ ಬೋರ್ಡಿನ ಹಿಂದೆ ಇಷ್ಟು ವಿಚಾರವಿದೆ.

ಗಾಜಿನ ಪೆಟ್ಟಿಗೆಯೊಳಗಿನವು ಬೇರೆ ಜಾತಿ. ವಿಷ್ಣುವರ್ಧನನ ಚಿನ್ನದ ನಾಣ್ಯದಲ್ಲಿ 'ಶ್ರೀ ತಳಕಾಡುಗೊಂಡ' ಎಂಬ ಕನ್ನಡ ಅಕ್ಷರಗಳಿರುವುದು ಒಂದು ಬದಿಯಲ್ಲಿ, ಸಿಂಹ ಇನ್ನೊಂದರಲ್ಲಿ. ತೂಕ 4 ಗ್ರಾಂ ಆಸುಪಾಸು. ಅಡಿಯಲ್ಲಿ ಕನ್ನಡಿ, ಮೇಲೆ ಭೂತಗನ್ನಡಿ ಇಲ್ಲದಿದ್ದರೆ ಅದು ಒಂದು ಹಳದಿ ಚುಕ್ಕೆ ಮಾತ್ರ. ಕಂಚಿನ ವಿಗ್ರಹದ ಮೇಲೆ ತಿಳಿಹಸಿರು ಪುಡಿ ಕಂಡರೆ ಅದು ಹಳೆಯತನದ ಶೋಭೆಯಲ್ಲ, ರೋಗ. ಕ್ಲೋರೈಡ್ ಮತ್ತು ತೇವ ಸೇರಿ ಲೋಹವನ್ನು ತಿನ್ನುತ್ತಿದೆ. ಕಂಚಿಗೆ ಸಾಪೇಕ್ಷ ಆರ್ದ್ರತೆ ಶೇ. 40ರ ಒಳಗೆ ಬೇಕು, ತಾಳೆಗರಿಗೆ 45ರಿಂದ 55. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟರೆ ಯಾರಾದರೊಬ್ಬರಿಗೆ ಅನ್ಯಾಯ. ಮಲೆನಾಡಿನ ಆಷಾಢದಲ್ಲಿ ಪೆಟ್ಟಿಗೆಯೊಳಗೆ ತೇವ ಹೀರಲು ಇಟ್ಟ ಸಿಲಿಕಾ ಜೆಲ್ ಬಹುಬೇಗ ಬಣ್ಣ ತಿರುಗಿಸುತ್ತದೆ: ಕಿತ್ತಳೆ ಹಸಿರಾಗಿದ್ದರೆ, ನೀಲಿ ಗುಲಾಬಿಯಾಗಿದ್ದರೆ ಅದು ಕುಡಿದು ತುಂಬಿದೆ, ಒಣಗಿಸಿ ಮತ್ತೆ ಇಡಬೇಕು. ತಾಳೆಗರಿಯ ಕೋಣೆ ಮಬ್ಬಾಗಿದೆಯೆಂದು ದೂರಬೇಡಿ. ಅಲ್ಲಿ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಮೀರಬಾರದು.

ಹಲ್ಮಿಡಿಯನ್ನು ನೋಡದೆ ಹಾಸನದ ಶಾಸನದ ಮಾತು ಮುಗಿಯದು. ಬೇಲೂರು ತಾಲ್ಲೂಕಿನ ಆ ಊರಿನ ಕಲ್ಲನ್ನು 1936ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದು ಸುಮಾರು ಕ್ರಿ.ಶ. 450ರದೆಂದು ಗುರುತಿಸಿದರು. 16 ಸಾಲು. ಕಾಳಗದಲ್ಲಿ ಮೆರೆದ ವಿಜ ಅರಸನಿಗೆ 'ಬಾಳ್ಗಳ್ಚು', ಕತ್ತಿ ತೊಳೆದ ಗೌರವವಾಗಿ, ಎರಡು ಊರು ಕೊಟ್ಟ ದಾಖಲೆ. ಆ ಊರುಗಳಲ್ಲೊಂದು ಪಲ್ಮಿಡಿ, ಎಂದರೆ ಇದೇ ಹಲ್ಮಿಡಿ. ಪಾಲು ಹಾಲಾದಂತೆ ಪಲ್ಮಿಡಿ ಹಲ್ಮಿಡಿಯಾಗಿದೆ. ಮೂಲ ಕಲ್ಲು ಈಗ ಮೈಸೂರಿನಲ್ಲಿದೆ, ಊರಿನಲ್ಲಿರುವುದು ಪ್ರತಿಕೃತಿ. ಎರಡನ್ನೂ ನೋಡುವವರಿಗೆ ನಮ್ಮ ಮತ ಊರಿನದೇ ಮೊದಲು: ಮೈಸೂರಿನಲ್ಲಿ ಅಕ್ಷರದ ಉಳಿಗುರುತು ಸಿಗುತ್ತದೆ, ಹಲ್ಮಿಡಿಯಲ್ಲಿ ಆ ಅಕ್ಷರ ಹೇಳುವ ಜಾಗದ ಮೇಲೆಯೇ ನಿಂತಿರುತ್ತೀರಿ.

ನೋಡಿ ಬಂದ ಮೇಲೆ ಒಂದು ದಿನ ನಿಮ್ಮದೇ ಹೊಲದಲ್ಲಿ ಜೆಸಿಬಿಯ ಬಕೆಟ್ಟಿಗೆ ಕಲ್ಲೊಂದು ತಗಲಬಹುದು. ಯಂತ್ರ ನಿಲ್ಲಿಸಿ. ತೊಳೆಯಬೇಡಿ, ಎಣ್ಣೆ ಹಚ್ಚಬೇಡಿ, ಗುಡಿಯ ಮುಂದೆ ಸಾಗಿಸಬೇಡಿ. ಇದ್ದಲ್ಲಿಯೇ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿ, ಎಷ್ಟು ಆಳದಲ್ಲಿ ಬಿದ್ದಿತ್ತು ಎಂದು ಬರೆದುಕೊಳ್ಳಿ. ಸುತ್ತ ಮಡಕೆ ಚೂರು, ಇಟ್ಟಿಗೆ ಇದ್ದರೆ ಅವನ್ನೂ ಅಲ್ಲಿಯೇ ಬಿಡಿ. ನಾಣ್ಯ, ವಿಗ್ರಹ, ತಾಮ್ರಪಟದಂಥ ನೆಲದೊಳಗಿನ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸುವುದು 1962ರ ಕರ್ನಾಟಕ ನಿಧಿ ಕಾಯಿದೆಯಂತೆ ಕಡ್ಡಾಯ. ತಹಶೀಲ್ದಾರ್ ಕಚೇರಿಯಲ್ಲಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಅರ್ಜಿಯಲ್ಲಿ ಸರ್ವೆ ನಂಬರಿನ ಜೊತೆ ಆ ಜಾಗವನ್ನು ಊರಿನವರು ಏನೆಂದು ಕರೆಯುತ್ತಾರೆ, ಬಸ್ತಿ ಗದ್ದೆಯೋ, ಕಲ್ಲುಗುಡಿ ಹೊಲವೋ, ಹಳೇಊರ ದಿಬ್ಬವೋ, ಅದನ್ನೂ ಬರೆಯಿರಿ. ನಾಳೆ ಆ ಕಲ್ಲು ಸಂಗ್ರಹಾಲಯಕ್ಕೆ ಹೋದರೆ ಫಲಕ ಬರೆಯುವವರಿಗೆ ಬೇಕಾಗುವ ಮೊದಲ ಸಾಲು ಅದು.